ವೆಬ್‌ಸೈಟಿನಲ್ಲಿ ನಾನು ವಿಶೇಷ ಶಿಕ್ಷಕಿ

ನಾನು ವಿಶೇಷ ಶಿಕ್ಷಕಿ ಎಂಬ ಸಂಗತಿ ನನಗೆ ತಿಳಿದದ್ದು ಶಾಲೆಯ ಗೇಟಿನಲ್ಲಿ, ಅದೂ ಒಬ್ಬ ತಾಯಿಯ ಬಾಯಿಂದ. ಶಾಲೆ ಶುರುವಾಗಿ ತಿಂಗಳು ದಾಟಿತ್ತು. ಸಂಜೆ ಬಸ್ಸುಗಳು ಹೊರಡುವ ಗಡಿಬಿಡಿಯಲ್ಲಿ ಆಕೆ ಕೊಡೆಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಫೋನನ್ನು ನನ್ನ ಮುಖದ ಮುಂದೆ ಹಿಡಿದು, “ಇದು ನೀವೇ ಅಲ್ವಾ ಟೀಚರ್?” ಎಂದು ಕೇಳಿದರು. ಪರದೆಯ ಮೇಲೆ ನಮ್ಮ ಶಾಲೆಯ ವೆಬ್‌ಸೈಟು. ಉದ್ದನೆಯ ಪಟ್ಟಿಯ ಒಂದು ಸಾಲಿನಲ್ಲಿ ‘ಸ್ಪೆಷಲ್ ಎಜುಕೇಟರ್’ ಎಂದಿತ್ತು. ಅದರ ಎದುರಿಗೆ ನನ್ನ ಹೆಸರು, ಪಕ್ಕದಲ್ಲಿ ನನ್ನ ಎಂ.ಎ., ಬಿ.ಎಡ್. ನನ್ನ ಐಡಿ ಕಾರ್ಡಿನಲ್ಲಿ ಒಮ್ಮೆಯೂ ಸರಿಯಾಗಿ ಅಚ್ಚಾಗದ ಹೆಸರು ಅಲ್ಲಿ ಒಂದಕ್ಷರವೂ ತಪ್ಪಿಲ್ಲದೆ ಕೂತಿತ್ತು.

“ಹೌದು, ನಾನೇ” ಎಂದೆ. ಹೆಸರು ನನ್ನದೇ ಆಗಿತ್ತಲ್ಲ.

ಆಕೆ ನನ್ನ ಕೈ ಹಿಡಿದುಕೊಂಡರು. “ನೀವಿದ್ದೀರಿ ಅಂತಲೇ ಇಲ್ಲಿಗೆ ಸೇರಿಸಿದ್ದು ಟೀಚರ್. ಮೂರು ಶಾಲೆದು ನೋಡಿದೆ, ಬೇರೆ ಎರಡರಲ್ಲಿ ಆ ಜಾಗ ಖಾಲಿ ಉಂಟು. ಇಲ್ಲಿ ಮಾತ್ರ ಹೆಸರು ಹಾಕಿದ್ದಾರೆ. ಹೇಗಿದ್ದಾಳೆ ಈಗ? ನಿಮ್ಮ ಹತ್ರ ಏನಾದ್ರೂ ಓದ್ತಾಳಾ?” ಪಕ್ಕದಲ್ಲಿ ಮಗಳು ನಿಂತಿದ್ದಳು. ಐದನೇ ತರಗತಿಗೆ ಹೊಸದಾಗಿ ಸೇರಿದ ಹುಡುಗಿ. ಅವಳು ನನ್ನ ಮುಖ ನೋಡದೆ ತನ್ನ ಗಮ್ ಬೂಟಿನ ತುದಿ ನೋಡುತ್ತಿದ್ದಳು.

ಯಾಕೆ ನೋಡಲಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನಾನು ಯಾರ್ಯಾರ ಮೇಲೆ ಹರಿಹಾಯ್ದರೂ ಅದು ನಾಟಕವಾಗುತ್ತದೆ. ಆ ಹುಡುಗಿಯ ಅಪ್ಪ ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ನಮ್ಮಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ಬರೆದುಕೊಂಡು ಕೆಲಸ ಹಂಚುವವನು. ಜೂನ್‌ನ ಎರಡನೇ ವಾರದಲ್ಲಿ ನಾನು ಉಕ್ತಲೇಖನ ಕೊಟ್ಟಿದ್ದೆ. ‘ಪುಸ್ತಕ’ ಎನ್ನುವುದನ್ನು ಅವಳು ‘ಪುತಸಕ’ ಎಂದು ಬರೆದಿದ್ದಳು, ‘ಮನೆ’ ಎನ್ನುವುದನ್ನು ‘ವನೆ’ ಎಂದು. ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಬಂದು ನಿಂತಿದ್ದವು. ನಾನು ಪುಸ್ತಕ ಎತ್ತಿ ಹಿಡಿದು ತರಗತಿಗೆಲ್ಲ ಕೇಳುವಂತೆ, “ಏನಮ್ಮ, ರೈಟರ್ ಮಗಳಿಗೇ ಬರೆಯೋಕೆ ಬರಲ್ವಾ?” ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಒಳ್ಳೆಯ ತಮಾಷೆ ಮಾಡಿದೆ ಎಂದು ನನಗೂ ಖುಷಿಯಾಗಿತ್ತು. ಸ್ಟಾಫ್ ರೂಮಿಗೆ ಬಂದು ಅದನ್ನು ಮತ್ತೊಮ್ಮೆ ಹೇಳಿ ಅಲ್ಲಿಯೂ ನಗಿಸಿದೆ. ಅವಳ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ‘ಗಮನವಿಲ್ಲ, ಹತ್ತು ಸಲ ಬರೆ’ ಎಂದು ಬರೆದವಳೂ ನಾನೇ.

ಗೇಟಿನಲ್ಲಿ ಆ ತಾಯಿಗೆ, “ಇನ್ನೂ ಹೊಸದಲ್ವಾ, ನಿಧಾನವಾಗಿ ಬರ್ತಾಳೆ” ಎಂದು ತಿಪ್ಪೆ ಸಾರಿಸಿ ಬಸ್ಸು ಹತ್ತಿಸಿದೆ.

ಮನೆಗೆ ಹೋಗಿ ಸೀರೆಯನ್ನೂ ಬದಲಿಸದೆ ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ಅಲ್ಲಿಯವರೆಗೆ ನನ್ನ ಶಾಲೆಯ ವೆಬ್‌ಸೈಟನ್ನು ತೆರೆದು ನೋಡಿರಲಿಲ್ಲ. ಪ್ರತಿ ಶಾಲೆಯೂ ಇಂತಿಂಥ ವಿವರಗಳನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು ಎಂದು ಮಾನ್ಯತೆ ಕೊಡುವ ಬೋರ್ಡಿನ ನಿಯಮ ಇದೆಯಂತೆ. ಕಟ್ಟಡ ಗಟ್ಟಿಯಾಗಿದೆ ಎಂಬ ಪತ್ರ, ಬೆಂಕಿ ಬಿದ್ದರೆ ಏನು ವ್ಯವಸ್ಥೆ, ಕುಡಿಯುವ ನೀರು, ಹೆಣ್ಣುಮಕ್ಕಳ ಶೌಚಾಲಯ ಎಷ್ಟು, ಶಿಕ್ಷಕರು ಎಷ್ಟು ಮಂದಿ, ಅವರು ಏನು ಓದಿದ್ದಾರೆ, ಪೋಷಕರ ಸಮಿತಿಯಲ್ಲಿ ಯಾರಿದ್ದಾರೆ, ಹತ್ತನೇ ತರಗತಿಯ ಫಲಿತಾಂಶ. ನನಗೆ ನಿಯಮದ ಮೇಲೆ ಸಿಟ್ಟಿಲ್ಲ. ಅದನ್ನು ಬರೆದವರು ಯಾರೋ ತಿಳಿದವರೇ ಇರಬೇಕು. ಎಸ್ಟೇಟಿನ ಮನೆಯಲ್ಲಿ ಕೂತ ಒಬ್ಬ ಹೆಂಗಸು ಯಾವ ಪ್ರಿನ್ಸಿಪಾಲರ ಬಾಗಿಲಲ್ಲೂ ಕಾಯದೆ, ಯಾರ ಶಿಫಾರಸೂ ಇಲ್ಲದೆ, ತನ್ನ ಮಗಳಿಗೆ ಬೇಕಾದದ್ದು ಆ ಶಾಲೆಯಲ್ಲಿ ಇದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲಿ ಎಂದೇ ಅದನ್ನು ಮಾಡಿರುವುದು. ಆ ಹೆಂಗಸು ಅದನ್ನೇ ಮಾಡಿದ್ದರು. ಆ ನಿಯಮವನ್ನು ನಿಜವಾಗಿ ಪಾಲಿಸಿದವರು ಅವರೊಬ್ಬರೇ.

ನಮ್ಮ ಶಾಲೆಗೆ ಮಾತ್ರ ‘ಹಾಕಬೇಕು’ ಎಂಬುದಷ್ಟೇ ಕೇಳಿಸಿತ್ತು. ‘ಇರಬೇಕು’ ಎಂಬುದು ಕೇಳಿಸಿರಲಿಲ್ಲ. ಆಪ್ತ ಸಮಾಲೋಚಕರು ಎಂಬ ಜಾಗದಲ್ಲಿ ನಮ್ಮ ಪಿ.ಟಿ. ಮಾಸ್ತರರ ಹೆಸರಿತ್ತು. ಅವರ ಸಮಾಲೋಚನೆಯೆಂದರೆ ಮೈದಾನಕ್ಕೆ ಎರಡು ಸುತ್ತು ಓಡಿಸುವುದು. ಅಲ್ಲೇ ಹಾಕಿದ್ದ ಶಾಲೆಯ ವಿಡಿಯೋದಲ್ಲಿ ತೋರಿಸಿದ ಲೈಬ್ರರಿ ನಮ್ಮದೇ, ಆದರೆ ಅದರ ಬೀಗದ ಕೈ ವಾರಕ್ಕೊಮ್ಮೆ ಸಿಕ್ಕಿದರೆ ಪುಣ್ಯ. ಒಂದೊಂದು ಸಾಲು ಓದಿದಂತೆಲ್ಲ ಮೈ ಉರಿಯುತ್ತ ಹೋಯಿತು.

ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಆಫೀಸಿಗೆ ಹೋದೆ. ಕ್ಲರ್ಕ್ ನನ್ನ ವಾರಿಗೆಯವಳೇ, ಮನೆಮಾತು ಮಲಯಾಳ, ಕೆಡುಕು ತಿಳಿಯದ ಹೆಂಗಸು. ಪುಟ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, “ಅದು ನಾನೇ ಹಾಕಿದ್ದಲ್ವಾ ಟೀಚರೇ, ಸರಿ ಉಂಟಲ್ಲ ಸ್ಪೆಲ್ಲಿಂಗ್?” ಎಂದಳು.

“ಸ್ಪೆಲ್ಲಿಂಗ್ ಸರಿ ಇದೆ. ನಾನು ಯಾವತ್ತು ಸ್ಪೆಷಲ್ ಎಜುಕೇಟರ್ ಆದೆ?”

“ಎಂತ ಹೇಳ್ತೀರಿ? ಸ್ಪೆಷಲ್ ಕ್ಲಾಸ್ ತಗೊಳ್ಳೋದು ಮತ್ಯಾರು, ನೀವೇ ಅಲ್ವಾ?”

ಇದು ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಡುತ್ತಾರೆ. ಜುಲೈ, ಆಗಸ್ಟಿನಲ್ಲಿ ಹಾಗೆ ಎಷ್ಟೋ ದಿನ ಹೋಗುತ್ತದೆ. ಹೋದ ಪಾಠವನ್ನು ಮುಗಿಸಲು ಶನಿವಾರ ಮಧ್ಯಾಹ್ನ ತರಗತಿ ಇಡಬೇಕು. ಅದಕ್ಕೆ ಕೊಡಗಿನ ಶಾಲೆಗಳಲ್ಲಿ ಎಲ್ಲರೂ ಸ್ಪೆಷಲ್ ಕ್ಲಾಸ್ ಎನ್ನುತ್ತೇವೆ. ಮಡಿಕೇರಿಯಲ್ಲೇ ಮನೆ ಇರುವವಳು, ಬಸ್ಸಿನ ಚಿಂತೆ ಇಲ್ಲ ಎಂದು ಪ್ರತಿ ವರ್ಷ ಆ ಶನಿವಾರಗಳನ್ನೆಲ್ಲ ನನ್ನ ತಲೆಗೇ ಕಟ್ಟುತ್ತಿದ್ದರು. ಬೋರ್ಡಿನ ಪಟ್ಟಿಯಲ್ಲಿ ‘ಸ್ಪೆಷಲ್’ ಎಂಬ ಪದ ಕಂಡಾಗ ಪಾಪ, ಅವಳಿಗೆ ನನ್ನ ಹೊರತು ಬೇರೆ ಯಾರು ಹೊಳೆಯಬೇಕು? ಓದಲು, ಬರೆಯಲು, ಕೇಳಲು ಕಷ್ಟಪಡುವ ಮಕ್ಕಳಿಗೆ ಕಲಿಸಲೆಂದೇ ತರಬೇತಿ ಪಡೆದವರು ಲೋಕದಲ್ಲಿದ್ದಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಸರಿಯಾಗಿ ನನಗೂ ಗೊತ್ತಿರಲಿಲ್ಲ.

ಅವಳ ಮೇಲೆ ಸಿಟ್ಟು ಮಾಡಲಾಗಲಿಲ್ಲ. ನಾನು ಕೇಳಿದೆನೆಂದು ಅವಳು ಆ ಹುಡುಗಿಯ ಫೈಲು ತೆಗೆದುಕೊಟ್ಟಳು. ಅದರಲ್ಲಿ ಮೈಸೂರಿನ ವೈದ್ಯರೊಬ್ಬರ ಕಾಗದವಿತ್ತು. ಬುದ್ಧಿಗೆ ಏನೂ ಕೊರತೆಯಿಲ್ಲ, ಅಕ್ಷರಗಳನ್ನು ಗುರುತಿಸಿ ಜೋಡಿಸುವುದರಲ್ಲಿ ತೊಂದರೆಯಿದೆ, ತರಬೇತಿ ಪಡೆದ ಶಿಕ್ಷಕರಿಂದ ದಿನವೂ ಪಾಠವಾಗಬೇಕು, ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಓದಿಸಬಾರದು, ತಪ್ಪಿಗೆ ಶಿಕ್ಷೆ ಕೊಡಬಾರದು ಎಂದೆಲ್ಲ ಬರೆದಿತ್ತು. ಆ ಕಾಗದದ ಮೂಲೆಯಲ್ಲಿ ಪ್ರಿನ್ಸಿಪಾಲರ ಸಹಿ ಇತ್ತು. ಓದಿದ್ದಾರೆ. ಓದಿ, ಸಹಿ ಹಾಕಿ, ಫೈಲಿನೊಳಗೆ ಸೇರಿಸಿದ್ದಾರೆ. ದಿನವೂ ಆ ಮಗುವಿನ ಮುಂದೆ ನಿಲ್ಲುವ ನಮಗೆ ಯಾರಿಗೂ ಅದನ್ನು ತೋರಿಸಿರಲಿಲ್ಲ.

ಪಿತ್ತ ನೆತ್ತಿಗೇರಿತು. ಫೈಲು ಹಿಡಿದುಕೊಂಡೇ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ.

ಅವರು ಸಮಾಧಾನದ ಮನುಷ್ಯ. ಕೂತುಕೊಳ್ಳಿ ಎಂದರು, ಕಾಫಿ ಬೇಕೇ ಎಂದರು. ಆಮೇಲೆ, “ಮೇಡಂ, ಅದೊಂದು ಫಾರ್ಮ್ಯಾಲಿಟಿ. ಆ ಕಾಲಂ ಖಾಲಿ ಬಿಟ್ರೆ ಬೋರ್ಡಿಂದ ಪ್ರಶ್ನೆ ಬರುತ್ತೆ. ಇನ್‌ಸ್ಪೆಕ್ಷನ್ ಮುಗೀಲಿ, ನೋಡೋಣ” ಎಂದರು.

“ಆ ಕಾಲಂ ನೋಡಿಯೇ ಅವಳನ್ನ ಇಲ್ಲಿಗೆ ಸೇರಿಸಿದ್ದಾರೆ ಸಾರ್. ಮನೆ ಹತ್ರದ ಶಾಲೆ ಬಿಡಿಸಿ. ದಿನಾ ಎರಡು ಹೊತ್ತು ಬಸ್ಸಲ್ಲಿ ವಾಂತಿ ಮಾಡ್ಕೊಂಡು ಬರ್ತಾಳೆ ಆ ಹುಡುಗಿ.”

“ಅಡ್ಮಿಷನ್ ಟೈಮಲ್ಲಿ ಕೇಳಿದ್ರು, ನಾನೂ ವೆಬ್‌ಸೈಟ್ ನೋಡಿಯೇ ಇದೆ ಅಂತ ಹೇಳಿದ್ದು.” ತಾವೇ ಹಾಕಿಸಿದ್ದನ್ನು ತಾವೇ ಓದಿ ತಾವೇ ನಂಬಿದ್ದರು. “ನೀವು ಮಕ್ಕಳ ಜೊತೆ ಹೇಗೂ ಚೆನ್ನಾಗಿರ್ತೀರಿ. ಒಂದು ಆನ್‌ಲೈನ್ ಕೋರ್ಸ್ ಮಾಡ್ಬಿಡಿ, ಸರಿಹೋಗುತ್ತೆ. ನೋಡಿ ಮೇಡಂ, ಒಂದು ಲೆಕ್ಕದಲ್ಲಿ ಎಲ್ಲ ಮಕ್ಕಳೂ ಸ್ಪೆಷಲ್ಲೇ ಅಲ್ವಾ?”

ಈ ಮಾತನ್ನು ಅವರು ನಗುತ್ತ ಹೇಳಿದರು. ಇವತ್ತಿಗೂ ಯಾರಾದರೂ ಭಾಷಣದಲ್ಲಿ ಆ ಮಾತು ಆಡಿದರೆ ನನಗೆ ಎದ್ದು ಹೋಗಬೇಕು ಅನಿಸುತ್ತದೆ. ಎಲ್ಲರೂ ಸ್ಪೆಷಲ್ ಎಂದುಬಿಟ್ಟರೆ ಯಾರಿಗೂ ಏನೂ ಮಾಡಬೇಕಾಗಿಲ್ಲ. ಎಂಥ ಅನುಕೂಲದ ಮಾತು.

ಆ ಹೊತ್ತಿಗೆ ನಾನು ಏನು ಮಾಡಬೇಕಿತ್ತು ಎಂಬುದು ಸ್ಪಷ್ಟ. ಆ ತಾಯಿಗೆ ಫೋನ್ ಮಾಡಿ, ನಾನು ವಿಶೇಷ ಶಿಕ್ಷಕಿ ಅಲ್ಲ ಎನ್ನಬೇಕಿತ್ತು. ಮಾಡಲಿಲ್ಲ. ಹೆದರಿಕೆ, ಬೇರೆ ಕಾರಣವಿಲ್ಲ. ಕೆಲಸ ಹೋದರೆ ಈ ವಯಸ್ಸಿನ ಕನ್ನಡ ಟೀಚರನ್ನು ಯಾರು ಕರೆಯುತ್ತಾರೆ? ಕುಶಾಲನಗರದ ಹತ್ತಿರ ತಮ್ಮ ಶುಂಠಿ, ಜೋಳ ಎಂದು ಒದ್ದಾಡುತ್ತಿದ್ದಾನೆ, ಅಲ್ಲಿಗೆ ಹೋಗಿ ಕೂರುವುದೇ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಬಾಯಿ ಮುಚ್ಚಿಕೊಂಡೆ. ಬದಲಿಗೆ ಇನ್ನೊಂದು ಅವಿವೇಕ ಮಾಡಿದೆ. ಹೆಸರು ಇದೆಯಲ್ಲ, ಕೆಲಸವನ್ನೂ ಮಾಡಿಯೇಬಿಡುತ್ತೇನೆ ಎಂದುಕೊಂಡೆ.

ದಿನವೂ ಊಟದ ಬಿಡುವಿನಲ್ಲಿ ಅವಳನ್ನು ಲೈಬ್ರರಿಯ ಹೊರಗಿನ ಬೆಂಚಿನಲ್ಲಿ ಕೂರಿಸಿಕೊಂಡೆ. ರಟ್ಟಿನಲ್ಲಿ ಅಕ್ಷರ ಕತ್ತರಿಸಿದೆ. ಮರಳು ಕಾಗದದ ಮೇಲೆ ಬೆರಳಾಡಿಸಿದೆ. ಫೋನಿನಲ್ಲಿ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿ ಇವತ್ತೊಂದು ಕ್ರಮ, ನಾಳೆ ಇನ್ನೊಂದು ಕ್ರಮ. ಬೈಯಲಿಲ್ಲ, ಅದು ನಿಜ. ಆದರೆ “ನಿಧಾನಕ್ಕೆ ನೋಡು, ಸರಿಯಾಗಿ ನೋಡು” ಎನ್ನುವುದನ್ನು ಎಷ್ಟು ಸಲ ಹೇಳಿದೆನೋ. ಅವಳು ನೋಡುತ್ತಲೇ ಇದ್ದಳು. ನೋಡುವುದರಲ್ಲಿ ಅವಳ ತಪ್ಪಿಲ್ಲ ಎಂಬುದು ಮೈಸೂರಿನ ಕಾಗದದಲ್ಲೇ ಬರೆದಿತ್ತು. ಆದರೆ ಮತ್ತೇನು ಹೇಳಬೇಕೆಂದು ನನಗೆ ಬರುತ್ತಿರಲಿಲ್ಲ.

ಪುಸ್ತಕ ಮುಚ್ಚಿದರೆ ಅವಳು ಬೇರೆಯೇ ಹುಡುಗಿ. ಪಾಠದ ಕತೆಯನ್ನು ಒಮ್ಮೆ ಕೇಳಿದರೆ ಸಾಕು, ನಾನು ಬಿಟ್ಟದ್ದನ್ನೂ ಸೇರಿಸಿ ತಿರುಗಿ ಹೇಳುತ್ತಿದ್ದಳು. ಕಾಫಿ ಹಣ್ಣಿನ ಪಿಕಿಂಗ್ ಸಮಯದಲ್ಲಿ ಆಳುಗಳ ಲೈನ್ ಮನೆಗಳಿಂದ ಯಾರ್ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಯಾವ ಜೀಪಿನ ಸದ್ದು ಯಾವುದು ಎಂದು ಅಪ್ಪನಿಗಿಂತ ಚೆನ್ನಾಗಿ ಹೇಳಬಲ್ಲಳು. ಆದರೆ ಆಗಸ್ಟ್ ಕಳೆಯುವ ಹೊತ್ತಿಗೆ ಆ ಮಾತೂ ಕಡಿಮೆಯಾಯಿತು. ಮೊದಲು ತಪ್ಪೋ ಸರಿಯೋ ಊಹಿಸಿಯಾದರೂ ಓದುತ್ತಿದ್ದವಳು ಈಗ ಬಾಯಿಯೇ ತೆರೆಯದಾದಳು. ತಿರುವುಗಳ ದಾರಿಗೆಂದು ಅಮ್ಮ ಕೊಟ್ಟ ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದಳು. ನಾನು ಅದನ್ನು ಮೊಂಡುತನ ಎಂದುಕೊಂಡೆ. ಹೌದು, ಅಷ್ಟೆಲ್ಲ ಆದಮೇಲೂ ನಾನು ಹಾಗೆಯೇ ಅಂದುಕೊಂಡೆ.

ಆಮೇಲೆ ಏನೇನಾಯಿತು ಎಂಬುದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಅದರಲ್ಲಿ ಸ್ವಾರಸ್ಯವೇನಿಲ್ಲ. ನಾನು ಬಾಯಿಬಿಟ್ಟ ಮೇಲೆ, ವರ್ಷದ ಪಾಠವನ್ನು ನನ್ನಿಂದಲೇ ಮುಗಿಸಿಕೊಂಡು, ಮಾರ್ಚಿನಲ್ಲಿ ನನ್ನನ್ನು ಬರಬೇಡಿ ಎಂದರು. ಹುಡುಗಿ ಚೆಟ್ಟಳ್ಳಿಯ ಹತ್ತಿರದ ಹಳೆಯ ಶಾಲೆಗೆ ಹೋದಳು. ವಾರಕ್ಕೊಮ್ಮೆ ಅಮ್ಮ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ನಿಜವಾಗಿ ಕಲಿತ ಶಿಕ್ಷಕಿಯೊಬ್ಬರ ಹತ್ತಿರ ಪಾಠ ಮಾಡಿಸುತ್ತಿದ್ದಾರೆ. ನಾನು ಬೋರ್ಡಿಗೆ ಎರಡು ಪತ್ರ ಬರೆದೆ, ತಲುಪಿದೆ ಎಂಬ ಉತ್ತರ ಬಂತು. ಇದನ್ನು ಬರೆಯುತ್ತಿರುವ ಇವತ್ತಿಗೂ ಶಾಲೆಯ ವೆಬ್‌ಸೈಟಿನಲ್ಲಿ ನಾನೇ ವಿಶೇಷ ಶಿಕ್ಷಕಿ. ಕೆಲಸದಿಂದ ತೆಗೆಯಲು ಅವರಿಗೆ ಒಂದು ದಿನ ಸಾಕಾಯಿತು, ಹೆಸರು ತೆಗೆಯಲು ಪುರಸೊತ್ತಿಲ್ಲ.

ನಾನು ಬಾಯಿಬಿಟ್ಟದ್ದು ಸೆಪ್ಟೆಂಬರಿನ ಪೋಷಕರ ಸಭೆಯಲ್ಲಿ. ಶನಿವಾರ ಬೆಳಿಗ್ಗೆ, ಒಂದೊಂದು ಮೇಜಿಗೆ ಒಬ್ಬೊಬ್ಬ ಟೀಚರ್. ಆ ತಾಯಿ ಮಗಳನ್ನು ವರಾಂಡದ ಬೆಂಚಿನಲ್ಲಿ ಕೂರಿಸಿ ಒಬ್ಬರೇ ಒಳಗೆ ಬಂದರು. ನನ್ನ ಎದುರಿಗೆ ಕೂತು, ಮಗಳ ಅಂಕಪಟ್ಟಿಯನ್ನು ಮುಟ್ಟದೆ, “ನಿಮಗೆ ತುಂಬ ತೊಂದರೆ ಕೊಡ್ತಾಳಾ ಟೀಚರ್? ಅವಳಿಗೋಸ್ಕರ ಊಟದ ಹೊತ್ತನ್ನೂ ಬಿಡ್ತೀರಂತೆ” ಎಂದರು. ಬೈದಿದ್ದರೆ ನಾನು ಇನ್ನೂ ಒಂದು ವರ್ಷ ಸುಳ್ಳು ಹೇಳಿಕೊಂಡಿರುತ್ತಿದ್ದೆನೋ ಏನೋ. ಆ ಕೃತಜ್ಞತೆಯನ್ನು ತಾಳಲಾಗಲಿಲ್ಲ.

ಎಲ್ಲವನ್ನೂ ಹೇಳಿದೆ. ಮಳೆ ರಜೆಯ ಸ್ಪೆಷಲ್ ಕ್ಲಾಸು, ಕ್ಲರ್ಕಿನ ತಪ್ಪು, ಫೈಲಿನೊಳಗಿನ ಕಾಗದ, ಪ್ರಿನ್ಸಿಪಾಲರ ಮಾತು, ರೈಟರ್ ಮಗಳು ಎಂದು ನಾನು ಮಾಡಿದ ಗೇಲಿ. ಕ್ಷಮೆಯನ್ನೂ ಕೇಳಿದೆ. ಧ್ವನಿ ಏರಿರಬೇಕು, ಅಕ್ಕಪಕ್ಕದ ಮೇಜಿನವರು ತಮ್ಮ ಮಾತು ಬಿಟ್ಟು ಕೇಳತೊಡಗಿದರು. ಪ್ರಿನ್ಸಿಪಾಲರು ಎದ್ದು ಬಂದು, “ಮೇಡಂ, ಇದನ್ನ ಒಳಗೆ ಮಾತಾಡೋಣ” ಎಂದರು. “ಹೊರಗೆ ಹಾಕಿದ್ದನ್ನ ಹೊರಗೇ ಮಾತಾಡೋಣ ಸಾರ್” ಎಂದೆ.

ಆ ತಾಯಿ ಪ್ರಿನ್ಸಿಪಾಲರ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನೇ ನೋಡುತ್ತ, “ಸರ್ಕಾರದ ರೂಲು, ಸುಳ್ಳು ಹಾಕಕ್ಕೆ ಆಗಲ್ಲ ಅಂತ ನಾನು ಇವಳ ಅಪ್ಪನ ಹತ್ರ ಜಗಳ ಆಡಿದ್ದೆ” ಎಂದರು. ತಮ್ಮ ಮನೆಮಾತಾದ ಅರೆಭಾಷೆಯಲ್ಲೇ, “ನಂಗೆ ಗೊತ್ತಿಲ್ಲೆ, ಇನ್ನ್ ಎಂತ ಮಾಡ್ದು” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಹೇಳಿದ್ದನ್ನು ಮಾತ್ರ ನನ್ನನ್ನು ನೋಡಿಯೇ ಹೇಳಿದರು.

“ಅವಳು ಮನೇಲಿ ಒಂದು ತಿಂಗಳಿಂದ ಹೇಳ್ತಿದ್ದಾಳೆ ಟೀಚರ್. ಸ್ಪೆಷಲ್ ಟೀಚರ್ ಕಲಿಸಿದ್ರೂ ನಂಗೆ ಬರಲ್ಲ ಅಂದ್ರೆ, ನಂಗೆ ಇನ್ನು ಯಾವತ್ತೂ ಬರಲ್ಲಮ್ಮ ಅಂತ. ಆ ಡಾಕ್ಟ್ರು ಬುದ್ಧಿ ಚೆನ್ನಾಗುಂಟು ಅಂದದ್ದನ್ನೂ ಈಗ ನಂಬಲ್ಲ.”

ನಾನು ಅವಳಿಗೆ ಏನೂ ಕಲಿಸಿರಲಿಲ್ಲ ಎಂದುಕೊಂಡಿದ್ದೆ. ಕಲಿಸಿದ್ದೆ.

“ನಿಮ್ಮ ಕ್ಷಮೆ ಎಲ್ಲ ನಂಗೆ ಬೇಡ. ನೀವೇ ಬಂದು ಅವಳಿಗೆ ಹೇಳಿ. ನಾನು ಹೇಳಿದ್ರೆ ಅಮ್ಮ ಸಮಾಧಾನಕ್ಕೆ ಹೇಳ್ತಾಳೆ ಅಂತಾಳೆ” ಎಂದು ಆಕೆ ಎದ್ದರು.

ಅವರ ಹಿಂದೆಯೇ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಮಕ್ಕಳನ್ನು ವರಾಂಡದಲ್ಲಿ ನಿಲ್ಲಿಸಿದವಳು ಆ ದಿನ ಹತ್ತು ವರ್ಷದ ಹುಡುಗಿಯ ಮುಂದೆ ಹೇಗೆ ನಿಲ್ಲಬೇಕೆಂದು ತಿಳಿಯದೆ ಕೊನೆಗೆ ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ.

“ನಾನು ಸ್ಪೆಷಲ್ ಟೀಚರ್ ಅಲ್ಲ” ಎಂದೆ. “ನಿಂಗೆ ಹೇಗೆ ಕಲಿಸ್ಬೇಕು ಅಂತ ಕಲಿತವರು ಬೇರೆ ಇದ್ದಾರೆ. ನಾನು ಅದನ್ನ ಕಲಿತಿಲ್ಲ. ಬರಲ್ಲ ಅಂತ ಹೇಳೋಕೆ ಹೆದರಿ ಸುಮ್ನಿದ್ದೆ. ಬರದೇ ಇದ್ದಿದ್ದು ನಂಗೆ, ನಿಂಗಲ್ಲ.”

ಅವಳು ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. “ಮತ್ತೆ ಅಮ್ಮನ ಫೋನಲ್ಲಿ ಉಂಟಲ್ಲ, ನಿಮ್ಮ ಹೆಸರು?”

“ಅದು ಸುಳ್ಳು.”

ನನಗೆ ಅವಳು ಅಳುತ್ತಾಳೆ ಅನಿಸಿತು. ಅಳಲಿಲ್ಲ. ತುಂಬ ಮರ್ಯಾದೆಯಿಂದ, ತಿಳಿದುಕೊಳ್ಳಬೇಕೆಂಬ ಆಸೆಯಿಂದಲೇ ಕೇಳಿದಳು.

“ಅದನ್ನ ಬರ್ದದ್ದು, ಓದೋಕೆ ಬರಿಯೋಕೆ ಬರೋರೇನಾ ಟೀಚರ್?”

“ಹೌದು” ಎಂದೆ. “ಎಲ್ಲರಿಗೂ ಚೆನ್ನಾಗಿ ಬರುತ್ತೆ.”